ಚಾದರಕ್ಕೆ ಬೇಡ ಅಂದ ಬೆಳಿಗ್ಗೆ

ಹೆರನ್ ಕ್ರೀಕ್ ಲಾಡ್ಜ್, ಸೆಲ್ಕರ್ಕ್ ಬೆಟ್ಟಗಳು
ಶುಕ್ರವಾರ, ೨೧ ಜನವರಿ ೧೯೯೪

ಅಕ್ಕ ಸ್ಟೆಫ್ಕಾಗೆ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಕಾಗದವನ್ನು ಕೊನೆಯಿಂದ ಹಿಂದಕ್ಕೆ ಓದುತ್ತೀಯ. ನಾದ್ಯಾ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ, ನನ್ನ ಮೇಲೆ ರೇಗುತ್ತಾಳೆ. ಇನ್ನೇನು ಬೇಕು?

"ಅಲ್ಲಿ ಹಿಮ ಹೇಗಿದೆ, ಅಪಾಯವೋ ಅಲ್ಲವೋ, ಒಂದೇ ಮಾತಲ್ಲಿ ಹೇಳು" ಎಂದು ಬರೆದಿದ್ದೀಯ. ಒಂದೇ ಮಾತಲ್ಲಿ ಹೇಳುವವರು ಈ ಮನೆಯಲ್ಲಿ ಒಬ್ಬರೂ ಇಲ್ಲವೇ ತಾಯಿ! ಅತಿಥಿಗಳನ್ನು ಸ್ಕೀ ಮಾಡಿಸಲು ಬೆಟ್ಟಕ್ಕೆ ಕರೆದೊಯ್ಯುವ ಗೈಡುಗಳು ಮೂವರು: ಹಿರಿಯನಾದ ಸ್ವಿಸ್ ಮನುಷ್ಯ ರೆಟೊ, ಗಾರ್ತ್ ಎಂಬ ಗಡ್ಡದವನು, ಮತ್ತೆ ನಮ್ಮ ನಾದ್ಯಾ. ಮೂವರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. "ಕುಸಿಯೋ ಸಾಧ್ಯತೆ ಕಮ್ಮಿ, ಕುಸಿದ್ರೆ ಮಾತ್ರ ದೊಡ್ಡದು" ಅನ್ನುತ್ತಾನೆ ರೆಟೊ. ಇದೇನು ಸಮಾಧಾನವೋ ಬೆದರಿಕೆಯೋ, ನನಗಂತೂ ತಲೆಬುಡ ತಿಳಿಯಲಿಲ್ಲ.

ನನಗೆ ತಿಳಿದಷ್ಟು ಹೇಳುತ್ತೇನೆ. ಕ್ರಿಸ್‌ಮಸ್ ಆದ ಮೇಲೆ ಹತ್ತು ದಿನ ಮೋಡವಿಲ್ಲದ ಚಳಿ. ಹಿಮದ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗರಿಗಳ ಹಾಗೆ ಎದ್ದು ನಿಂತಿತು, ಒಂದೊಂದು ಗರಿಯೂ ಉಗುರಿನಷ್ಟು. ನೋಡಲು ಬಲು ಚೆಂದ. ನಮ್ಮ ಮಲಾಂಕಾ ಹಬ್ಬದ ದಿನ, ಹದಿಮೂರಕ್ಕೆ, ಅದರ ಮೇಲೆ ಹೊಸ ಹಿಮ ಬಿದ್ದು ಗರಿಗಳನ್ನೆಲ್ಲ ಮುಚ್ಚಿಬಿಟ್ಟಿತು. ಈಗ ಮೊಣಕಾಲೆತ್ತರದ ಹಿಮ ಆ ಗರಿಗಳ ಮೇಲೆ ನಿಂತಿದೆ. ಯಾರಾದರೂ ಸ್ಕೀ ಹಾಕಿ ಮೇಲೆ ಹತ್ತಿದರೆ ಗರಿ ಮುರಿದು, ಇಡೀ ಇಳಿಜಾರು ಮೇಜಿನ ಬಟ್ಟೆ ಎಳೆದ ಹಾಗೆ ಜಾರಿ ಬರಬಹುದಂತೆ. ಬಾರದೆಯೂ ಇರಬಹುದಂತೆ! ಇವರು ಆ ಪದರಕ್ಕೆ ಹೂತುಹೋದ ದಿನದ ಹೆಸರನ್ನೇ ಇಟ್ಟಿದ್ದಾರೆ. ಬೆಳಗಾದರೆ, "ಜನವರಿ ಹದಿಮೂರು ಇವತ್ತು ಹೇಗಿದಾನೆ?" "ಇನ್ನೂ ಮುನಿಸ್ಕೊಂಡೇ ಇದಾನೆ." ಮನೆಯಲ್ಲಿ ಮುದಿ ಮಾವನೊಬ್ಬ ಕಾಯಿಲೆ ಬಿದ್ದ ಹಾಗೆ ವಿಚಾರಿಸಿಕೊಳ್ಳುತ್ತಾರೆ.

ಹೆದರಬೇಡ, ಇವರಲ್ಲಿ ಒಂದು ಕಟ್ಟುಪಾಡು ಇದೆ. ಬೆಳಿಗ್ಗೆ ಅಡುಗೆಮನೆಯ ದೊಡ್ಡ ಮೇಜಿಗೆ ಕೂತು ರೆಟೊ ಒಂದೊಂದೇ ಇಳಿಜಾರಿನ ಹೆಸರು ಓದುತ್ತಾನೆ. ಮೇಜಿನಲ್ಲಿರುವ ಒಬ್ಬರು "ಬೇಡ" ಎಂದರೂ ಸಾಕು, ಆ ಇಳಿಜಾರು ಆ ದಿನಕ್ಕೆ ಮುಚ್ಚಿತು. ಯಾಕೆ ಎಂದು ಕೇಳುವಂತಿಲ್ಲ, ಒಲಿಸುವಂತಿಲ್ಲ, ಮುಖ ಊದಿಸುವಂತಿಲ್ಲ. ನಾನು ಕಾಫಿ ಬಗ್ಗಿಸುತ್ತಾ ಕೇಳುತ್ತಿರುತ್ತೇನೆ. ನಮ್ಮ ಅಪ್ಪನ ಮನೆಯಲ್ಲಿ ಇಂಥ ಕಟ್ಟುಪಾಡು ಇದ್ದಿದ್ದರೆ ನಾವಿಬ್ಬರೂ ಮದುವೆಯನ್ನೇ ಆಗುತ್ತಿರಲಿಲ್ಲ.

ಇದನ್ನೆಲ್ಲ ರೇಡಿಯೋದಲ್ಲಿ ಹೇಳುವ ಹಾಗಿಲ್ಲ, ಕಣಿವೆಯವರೆಲ್ಲ ಕಿವಿ ಹಚ್ಚಿ ಕೂತಿರುತ್ತಾರೆ. ಶನಿವಾರದ ಹೆಲಿಕಾಪ್ಟರ್ ಹೊಸ ಅತಿಥಿಗಳನ್ನೂ ಆಲೂಗಡ್ಡೆಯನ್ನೂ ತರುತ್ತದೆ, ಹಳೆಯ ಅತಿಥಿಗಳನ್ನೂ ನನ್ನ ಕಾಗದವನ್ನೂ ಒಯ್ಯುತ್ತದೆ. ಉತ್ತರ ತಡವಾದರೆ ಬೈಯಬೇಡ.

ನಿನ್ನ ತಂಗಿ,
ಓರಿಸ್ಯಾ


ವಕಾವ್, ಸಸ್ಕಾಚೆವಾನ್
ಶುಕ್ರವಾರ, ೨೮ ಜನವರಿ ೧೯೯೪

ಓರಿಸ್ಯಾಗೆ,

ನಿನ್ನ ಕಾಗದ ಬಂತು. ಗರಿ ಚೆಂದವಂತೆ, ಮುದಿ ಮಾವನಂತೆ! ನಿನಗೆ ಎಲ್ಲದರಲ್ಲೂ ತಮಾಷೆ. ನಾನು ಓದಿದ್ದು ಇಷ್ಟು: ನನ್ನ ಮಗಳು ದಿನಾ ಬೆಳಿಗ್ಗೆ ಎದ್ದು ಜಾರಿಬೀಳುವ ಬೆಟ್ಟದ ಮೇಲೆ, ಊರವರನ್ನೆಲ್ಲ ಹಿಂದೆ ಕಟ್ಟಿಕೊಂಡು, ಮೊದಲನೆಯವಳಾಗಿ ಕಾಲಿಡುತ್ತಾಳೆ.

ಇಲ್ಲಿ ನೆಲ ಎಷ್ಟು ಮಟ್ಟಸ ಅಂದರೆ ನಾಯಿ ಮನೆಬಿಟ್ಟು ಓಡಿದರೂ ಮೂರು ದಿನ ಕಾಣುತ್ತಿರುತ್ತದೆ. ಹಿಮ ಬಿದ್ದರೆ ಬಿದ್ದಲ್ಲೇ ಇರುತ್ತದೆ, ಮರ್ಯಾದೆಯಾಗಿ. ಇಂಥ ಊರಲ್ಲಿ ಹುಟ್ಟಿದವಳಿಗೆ ಆ ಹುಚ್ಚು ಎಲ್ಲಿಂದ ಹತ್ತಿತೋ! ನರ್ಸ್ ಕೆಲಸಕ್ಕೆ ಓದಿಸಿದೆ. ನನ್ನ ಗಂಡ ಪೆತ್ರೋ ಹೋದ ಮೇಲೆ ನನಗೆ ಇರುವವಳು ಇವಳೊಬ್ಬಳೇ ಎಂಬುದು ಅವಳಿಗೂ ಗೊತ್ತು, ನಿನಗೂ ಗೊತ್ತು. ಅಡುಗೆಯವರು ಬೇಕಂತೆ ಎಂದು ನೀನು ಹೇಳಿದಾಗ ನಾನು ಯಾಕೆ ಹೋಗು ಹೋಗು ಅಂದೆ? ನಿನ್ನ ಕೈರುಚಿ ಬೆಟ್ಟಕ್ಕೆ ಗೊತ್ತಾಗಲಿ ಎಂದಲ್ಲ ಕಣೇ. ಅವಳ ಮೇಲೆ ಒಂದು ಕಣ್ಣಿರಲಿ ಎಂದು.

ಈಗ ಕೇಳು. ಮೇಜಿನಲ್ಲಿ ಯಾರು ಬೇಡ ಎಂದರೂ ಮುಚ್ಚಿತು ಎಂದು ನೀನೇ ಬರೆದಿದ್ದೀಯ. ಆ ಮೇಜಿಗೆ ಕಾಫಿ ಕೊಡುವವಳು ಯಾರು? ನೀನು. ಆ ಮೇಜಿನಲ್ಲೇ ತಾನೆ ನೀನೂ ಉಣ್ಣುವುದು? ಹಾಗಾದರೆ ನಿನಗೂ ಬಾಯಿದೆ. ನಾದ್ಯಾ ಕೆಟ್ಟ ಜಾಗಕ್ಕೆ ಹೊರಟ ದಿನ ಬೇಡ ಅನ್ನು. ಯಾರೂ ಯಾಕೆ ಅಂತ ಕೇಳುವುದಿಲ್ಲವಲ್ಲ, ಇನ್ನೇನು ಸಂಕೋಚ? ಜನ್ಮದಲ್ಲಿ ಬಾಯಿ ಮುಚ್ಚಿಕೊಂಡಿರದವಳು ನೀನು, ಬೇಕಾದಾಗ ಮಾತ್ರ ಮೂಕಿಯಾಗಬೇಡ.

ಕುಂಕುಮಬಣ್ಣದ ಕೈಗವಸು ಕಳಿಸಿದ್ದೇನೆ, ಅವಳಿಗೆ. ಹಿಮದಲ್ಲಿ ದೂರದಿಂದಲೂ ಕಾಣುತ್ತದೆ.

ಸ್ಟೆಫ್ಕಾ


ಹೆರನ್ ಕ್ರೀಕ್
ಶುಕ್ರವಾರ, ೧೧ ಫೆಬ್ರವರಿ ೧೯೯೪

ಅಕ್ಕ,

ನಾದ್ಯಾ ಚೆನ್ನಾಗಿದ್ದಾಳೆ.

ನೀನು ಹೇಳಿದ ಹಾಗೆ ಮಾಡಿದೆ. ಮೊನ್ನೆ ಬುಧವಾರ ಬೆಳಿಗ್ಗೆ ರೆಟೊ ಹೆಸರು ಓದುತ್ತಿದ್ದ. ಲಾಡ್ಜಿನ ಹಿಂದೆ "ಚಾದರ" ಎಂಬ ಇಳಿಜಾರಿದೆ, ಒಂದು ಮರವಿಲ್ಲ, ಮೇಲಿಂದ ಕೆಳಗಿನವರೆಗೆ ಇಸ್ತ್ರಿ ಮಾಡಿ ಹಾಸಿದ ಹಾಗೆ. ಹಿಂದಿನ ದಿನ ಅಲ್ಲಿ ಹಿಮ ಅಗೆದು ನೋಡಿದ್ದರು. ಹಿಮದ ಕಂಬವೊಂದನ್ನು ಕೊಯ್ದು, ಮೇಲೆ ಸಲಿಕೆ ಇಟ್ಟು, ಮೊದಲು ಮಣಿಕಟ್ಟಿನಿಂದ ತಟ್ಟುತ್ತಾರೆ, ಆಮೇಲೆ ಮೊಣಕೈಯಿಂದ, ಆಮೇಲೆ ಭುಜದಿಂದ. ಬೇಗ ಮುರಿದರೆ ಕೆಟ್ಟದ್ದು. ಗಾರ್ತ್‌ನ ಕಂಬ ತಟ್ಟುತ್ತಲೇ ಮುರಿಯಿತಂತೆ. ಪಕ್ಕದಲ್ಲೇ ನಾದ್ಯಾ ಕೊಯ್ದದ್ದು ಗುದ್ದಿದರೂ ಅಲುಗಲಿಲ್ಲವಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಆದರೂ ನಾದ್ಯಾ, "ನಾನು ಮೊದ್ಲು ಹೋಗಿ ನೋಡ್ತೀನಿ, ಚಾದರ ಆಗುತ್ತೆ" ಅಂದಳು.

ನಾನು ಕಾಫಿ ಪಾತ್ರೆ ಹಿಡಿದುಕೊಂಡೇ, "ಬೇಡ" ಅಂದೆ.

ಗಾರ್ತ್ ನಕ್ಕ. ನಾದ್ಯಾ, "ಚಿಕ್ಕಮ್ಮ, ಒಲೆ ಮೇಲೆ ಏನೋ ಸೀದ್ಹೋಗ್ತಿದೆ, ನೋಡು" ಅಂದಳು. ರೆಟೊ ಮಾತ್ರ ನಗಲಿಲ್ಲ. ಪೆನ್ಸಿಲ್ ಕೆಳಗಿಟ್ಟು, "ಮೇಜಿನಲ್ಲಿರೋ ಯಾರೇ ಆದ್ರೂ ಅಂತ ನಿಯಮ. ಅವ್ರು ಮೇಜಿನಲ್ಲಿದ್ದಾರೆ. ಚಾದರ ಮುಚ್ಚಿತು" ಅಂದ. ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗೀಟು ಎಳೆದೇಬಿಟ್ಟ.

ನಾದ್ಯಾ ಅಡುಗೆಮನೆಗೆ ಬಂದು ಬಾಗಿಲು ಹಾಕಿ ಕೂಗಾಡಿದಳು. "ಇದು ಅಮ್ಮನ ಕೆಲ್ಸ ತಾನೆ? ಎಲ್ರೆದುರಿಗೆ ನನ್ನ ಮಗು ಮಾಡಿಬಿಟ್ಯಲ್ಲ! ನಾಳೆ ನಾನು ಏನಂದ್ರೂ ಗಾರ್ತ್ ನಗ್ತಾನೆ." ಆಮೇಲೆ ಎಲ್ಲರೂ ಚಾದರದ ಬದಲು ಚರ್ಚ್‌ಕಾಡಿಗೆ ಹೋದರು. ಅಲ್ಲಿ ದೇವದಾರು ಮರಗಳು ಚರ್ಚಿನ ಬೆಂಚುಗಳ ಹಾಗೆ ಸಾಲಾಗಿವೆ.

ಸಂಜೆ ಎಲ್ಲರೂ ಮನೆಗೆ ಬಂದರು. ಬೀಟ್‌ರೂಟಿನ ಬೋರ್ಷ್ಟ್ ಸಾರು ಬಹಳ ಉಳಿಯಿತು.

ನಾದ್ಯಾಳಿಗೆ ಭುಜ ಸ್ವಲ್ಪ ಉಳುಕಿದೆ, ತಲೆಗೆ ನಾನೇ ನೀರು ಹಾಕಿದೆ. ಚಿಕ್ಕಂದಿನಲ್ಲಿ ಹಾಕುತ್ತಿದ್ದೆನಲ್ಲ, ಹಾಗೆ ಸುಮ್ಮನೆ ತಲೆ ಬಗ್ಗಿಸಿ ಕೂತಿದ್ದಳು. ನಾಳೆ ಹೆಲಿಕಾಪ್ಟರಿನಲ್ಲಿ ಪಟ್ಟಣಕ್ಕೆ ಹೋಗಿ ಬರುತ್ತಾಳೆ, ಏನೋ ಕೆಲಸವಿದೆಯಂತೆ. ನಿನ್ನ ಕೈಗವಸು ಬಂದಿದೆ, ಹಾಕಿಕೊಳ್ಳುತ್ತಿದ್ದಾಳೆ.

ಓರಿಸ್ಯಾ


ವಕಾವ್
ಗುರುವಾರ, ೧೭ ಫೆಬ್ರವರಿ ೧೯೯೪

ನನ್ನ ಮುದ್ದು ಓರಿಸ್ಯಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಚರ್ಚಿಗೆ ಹೋಗಿ ದೇವಮಾತೆಗೆ ಮೇಣದಬತ್ತಿ ಹಚ್ಚಿ ಬಂದೆ, ಒಂದು ನಾದ್ಯಾಳ ಹೆಸರಿನಲ್ಲಿ, ಒಂದು ನಿನ್ನ ಹೆಸರಿನಲ್ಲಿ. ನೀನು ಬದುಕಿರುವಾಗಲೇ ನಿನಗೆ ಬತ್ತಿ ಹಚ್ಚಿದ್ದಕ್ಕೆ ಪಾದ್ರಿಗಳು ವಿಚಿತ್ರವಾಗಿ ನೋಡಿದರು.

ನನ್ನ ತಂಗಿ ಧೈರ್ಯವಂತೆ. ಕೈಯಲ್ಲಿ ಕಾಫಿ ಪಾತ್ರೆ, ಎದುರಿಗೆ ಮೂವರು ಬೆಟ್ಟದ ಪಂಡಿತರು, ನಡುವೆ ನೀನು ಕಡ್ಡಿ ಮುರಿದ ಹಾಗೆ "ಬೇಡ" ಅಂದೆಯಲ್ಲ! ಅವಳು ಕೂಗಾಡಲಿ ಬಿಡು. ಮಕ್ಕಳ ಬೈಗುಳ ಮೈಗೆ ಹತ್ತುವುದಿಲ್ಲ. ಆ ರೆಟೊ ಎಂಬವನು ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ. ಮದುವೆಯಾಗಿದೆಯೇ?

ಬಯಲು ಬಿಟ್ಟು ಮರಗಳ ನಡುವೆ ಹೋದರು ಎಂದು ಓದಿದಾಗ ನನಗೆ ಉಸಿರು ಬಂತು. ಮರ ಇದ್ದರೆ ಹಿಡಿದುಕೊಳ್ಳಲಿಕ್ಕಾದರೂ ಏನೋ ಒಂದು ಇರುತ್ತದೆ. ಬೋರ್ಷ್ಟ್ ಉಳಿಯಿತೆಂದು ಬೇಜಾರು ಮಾಡಿಕೊಳ್ಳಬೇಡ, ಉಪ್ಪು ಜಾಸ್ತಿಯಾಗಿರುತ್ತದೆ. ನಿನ್ನದು ಮೊದಲಿಂದಲೂ ಹಾಗೇ.

ಆ ದಿನ ನೀನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ! ಈ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಿನ್ನ ಅಕ್ಕ,
ಸ್ಟೆಫ್ಕಾ


ಹೆರನ್ ಕ್ರೀಕ್
ಶುಕ್ರವಾರ, ೧೮ ಫೆಬ್ರವರಿ ೧೯೯೪

ಅಕ್ಕ,

ನಾದ್ಯಾ ಚೆನ್ನಾಗಿದ್ದಾಳೆ, ಈ ವಾರವೆಲ್ಲ ಮನೆಯಲ್ಲೇ ಇದ್ದಾಳೆ.

ನಿನ್ನೆ ಮಧ್ಯಾಹ್ನ ಚಾದರ ತಾನಾಗಿಯೇ ಬಿತ್ತು. ಯಾರೂ ಇರಲಿಲ್ಲ. ಕಿಟಕಿಯ ಗಾಜು ಅದುರಿತು, ಹೊರಗೆ ಓಡಿ ಬಂದು ನೋಡಿದರೆ ಇಡೀ ಇಳಿಜಾರು ಈ ಅಂಚಿನಿಂದ ಆ ಅಂಚಿನವರೆಗೆ ಬರಿದಾಗಿ, ಕೆಳಗೆ ಮನೆಯೆತ್ತರ ಹೆಂಟೆಗಳು. ಗಾರ್ತ್ ನನ್ನ ಕಡೆ ತಿರುಗಿ ಟೋಪಿ ತೆಗೆದ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಹಾಗಾದರೆ ನಾನು ಹೇಳಿದ್ದು ಸರಿಯಾಗಿತ್ತೇ? ಒಂದು ವಾರ ಅದು ಅಲ್ಲೇ ಸುಮ್ಮನೆ ಮಲಗಿತ್ತಲ್ಲ. ಆ ಬುಧವಾರ ಹೋಗಿದ್ದರೆ ಬೀಳುತ್ತಿತ್ತೋ ಇಲ್ಲವೋ? ರೆಟೊನನ್ನು ಕೇಳಿದೆ. "ಬೀಳ್ತಿತ್ತೇನೋ. ಇಲ್ವೇನೋ" ಅಂದ. ಹಾಳಾದವನು, ಮತ್ತೆ ಅಡ್ಡಗೋಡೆಯ ದೀಪ.

ಇವತ್ತು ಇನ್ನೇನೂ ಬರೆಯಲಾರೆ.

ಓರಿಸ್ಯಾ


ವಕಾವ್
ಬುಧವಾರ, ೨೩ ಫೆಬ್ರವರಿ ೧೯೯೪

ಓರಿಸ್ಯಾ,

ನಿನ್ನೆ ಹಲ್ಲಿನ ಡಾಕ್ಟರ ಹತ್ತಿರ ಸಸ್ಕಟೂನಿಗೆ ಹೋಗಿದ್ದೆ. ಡಾಕ್ಟರ್ ವಿಲ್ಮರ್ ನನ್ನ ಬಾಯಿಗೆ ಹತ್ತಿ ತುರುಕಿ, ಹಲ್ಲು ಕೊರೆಯುತ್ತಾ, ತಾನು ರಜೆಯಲ್ಲಿ ಸ್ಕೀ ಮಾಡಲು ಹೋದ ಕಥೆ ಹೇಳಲು ಶುರುಮಾಡಿದ. ಸೆಲ್ಕರ್ಕ್ ಬೆಟ್ಟವಂತೆ. ಹೆರನ್ ಕ್ರೀಕ್ ಅಂತೆ. "ಅಡುಗೆಯವ್ಳಿಗೆ ಏನು ಹೆದ್ರಿಕೆ ಬಂತೋ, ಒಳ್ಳೇ ಇಳಿಜಾರಿಗೆ ಬೇಡ ಅಂದ್ಬಿಟ್ಲು. ಕಾಡಿಗೆ ಹೋದ್ವಿ. ಮುಂದೆ ಹೋದ ಗೈಡ್ ಹುಡುಗಿ ಮೇಲೆ ಕುಸೀತು ನೋಡಿ! ಪೂರ್ತಿ ಮುಚ್ಚಿಹೋದ್ಲು. ನಾವೇ ಅಗೆದು ತೆಗೆದ್ವಿ, ಮುಖ ನೀಲಿಗಟ್ಟಿತ್ತು. ಪಕ್ಕೆಲುಬು ನಾನೇ ಮುಟ್ಟಿ ನೋಡ್ದೆ. ಬಾಯಿ ಇನ್ನೂ ದೊಡ್ಡದಾಗಿ ತೆರೀರಿ."

ನಾನು ಬಾಯಿ ತೆರೆದುಕೊಂಡು ಬಿದ್ದಿದ್ದೆ ಕಣೇ. ಕಿರುಚಲೂ ಆಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅವನು ಹಲ್ಲುನೋವು ಎಂದುಕೊಂಡು ಇನ್ನೊಂದು ಸೂಜಿ ಚುಚ್ಚಿದ.

ಭುಜ ಉಳುಕಿತೇ? ಪಟ್ಟಣದಲ್ಲಿ ಏನೋ ಕೆಲಸವೇ? ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ! ನಾನಿಲ್ಲಿ ನಿನಗೆ ಮೇಣದಬತ್ತಿ ಹಚ್ಚಿದ್ದೇನೆ, ಮೂರ್ಖಳ ಹಾಗೆ. ನೀನು ಯಾರೇ ಬೇಡ ಅನ್ನಲಿಕ್ಕೆ? ಹಿಮದ ಬಗ್ಗೆ ನಿನಗೇನು ಗೊತ್ತು? ಫ್ರಿಜ್ಜಿನಲ್ಲಿ ಕಟ್ಟುವ ಹಿಮ ಕೆರೆದವಳು ನೀನು! ಅವಳು ತನ್ನ ಬುದ್ಧಿಯಿಂದ ಆರಿಸಿದ ಜಾಗಕ್ಕೆ ಹೋಗಿದ್ದರೆ ನೆಟ್ಟಗೆ ಇಳಿದು ಬರುತ್ತಿದ್ದಳು. ನೀನು ಅವಳ ಕೈಹಿಡಿದು ಆ ಕಾಡಿಗೆ ನೂಕಿದೆ.

ನನ್ನ ಮಗಳನ್ನು ನೋಡಿಕೋ ಎಂದು ಕಳಿಸಿದೆ. ನೋಡಿಕೊಂಡೆ.

ಸ್ಟೆಫ್ಕಾ


ಹೆರನ್ ಕ್ರೀಕ್
ಶುಕ್ರವಾರ, ೪ ಮಾರ್ಚ್ ೧೯೯೪

ಅಕ್ಕ,

ನಿನ್ನ ಮೇಣದಬತ್ತಿಯ ಕಾಗದ ಕಳೆದ ಶನಿವಾರ ಬಂತು. ಧೈರ್ಯವಂತೆ, ಉಪಕಾರ, ಸಾಯುವವರೆಗೂ ಮರೆಯುವುದಿಲ್ಲ. ಓದಿದಾಗಿನಿಂದ ಅದು ಬಾಯಲ್ಲಿ ಬಿಸಿ ತುಪ್ಪದ ಹಾಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿಬಿಡುತ್ತೇನೆ. ಹೇಳಬೇಡ ಎಂದು ನಾದ್ಯಾ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದ ಪಾಪ ನನಗಿರಲಿ. ಕೂತುಕೊಂಡು ಓದು.

ಆ ಬುಧವಾರ ಚರ್ಚ್‌ಕಾಡಿನಲ್ಲಿ ಹಿಮ ಕುಸಿಯಿತು. ನಾದ್ಯಾ ಮುಂದೆ ಇದ್ದಳು. ಅತಿಥಿಗಳು ಮೇಲೆ ದಿಣ್ಣೆಯ ಮೇಲೆ ಕಾಯುತ್ತಿದ್ದರು. ಅವಳು ನಾಲ್ಕು ತಿರುವು ತೆಗೆದುಕೊಂಡದ್ದನ್ನು ನೋಡಿದರಂತೆ, ಆಮೇಲೆ "ಹುಂಫ್" ಎಂದು ಬೆಟ್ಟ ಕೆಮ್ಮಿದ ಹಾಗೆ ಒಂದು ಸದ್ದು, ಅವಳಿಲ್ಲ. ಎಲ್ಲರ ಎದೆಯ ಮೇಲೂ ಸಿಗ್ನಲ್ ಕೊಡುವ ಪೆಟ್ಟಿಗೆ ಕಟ್ಟಿರುತ್ತಾರೆ. ಅದರ ಬೀಪ್ ಸದ್ದು ಹಿಡಿದು ರೆಟೊ ಅವಳನ್ನು ಹುಡುಕಿದ, ಎಲ್ಲರೂ ಸೇರಿ ಅಗೆದರು. ನಾನು ಇಲ್ಲಿ ಬೀಟ್‌ರೂಟ್ ತುರಿಯುತ್ತಿದ್ದೆ. ರೇಡಿಯೋದಲ್ಲಿ ಗಾರ್ತ್‌ನ ಧ್ವನಿ ಬಂತು, "ನಾದ್ಯಾ ಹಿಮದ ಕೆಳಗಿದ್ದಾಳೆ." ಅಷ್ಟೇ. ಆಮೇಲೆ ಏನೂ ಇಲ್ಲ. ನಾನು ತುರಿಯುತ್ತಲೇ ಇದ್ದೆ ಅಕ್ಕ. ಕೈ ನಿಲ್ಲಲಿಲ್ಲ. ಮತ್ತೆ ರೇಡಿಯೋ, "ಉಸಿರಾಡ್ತಿದ್ದಾಳೆ" ಅಂದಾಗ ನೋಡಿದರೆ ನನ್ನ ಬೆರಳಿನ ಚರ್ಮವೂ ತುರಿದುಹೋಗಿತ್ತು. ಆ ಬೋರ್ಷ್ಟನ್ನು ಯಾರೂ ಮುಟ್ಟಲಿಲ್ಲ. ಉಪ್ಪು ಸರಿಯಾಗೇ ಇತ್ತು.

ಎರಡು ಪಕ್ಕೆಲುಬು ಸೀಳಿದೆ, ಭುಜ ಮರಕ್ಕೆ ಹೊಡೆದಿದೆ. ಪಟ್ಟಣದ ಆಸ್ಪತ್ರೆಯವರು ಮನೆಗೆ ಹೋಗಿ ಮಲಗು ಅಂದರು. ಅವಳು ಅದೇ ದಿನ ಸಂಜೆಯ ಹೆಲಿಕಾಪ್ಟರಿನಲ್ಲೇ ವಾಪಸ್ ಬಂದಳು. ಈಗ ಕೈ ಎತ್ತುತ್ತಾಳೆ, ಮುಂದಿನ ವಾರ ಸ್ಕೀ ಹಾಕುತ್ತಾಳಂತೆ.

ಇವರಲ್ಲಿ ಒಂದು ಮಾತಿದೆಯಂತೆ, ಏನೂ ತೋಚದಿದ್ದರೆ ಕಾಡು ಸೇರು ಎಂದು. ಆದರೆ ಬಯಲಿನಲ್ಲಿ ಗಾಳಿ ಬೀಸಿ ಎಷ್ಟೋ ಗರಿಗಳನ್ನು ಮೊದಲೇ ಮುರಿದುಹಾಕಿತ್ತು. ಕಾಡಿನಲ್ಲಿ ಗಾಳಿ ಇಲ್ಲ, ಗರಿಗಳು ಒಂದೂ ಅಲುಗದೆ ನಿಂತಿದ್ದವು. ಇಷ್ಟು ವರ್ಷ ಬೆಟ್ಟದಲ್ಲಿ ಕಳೆದವರು, ಮೂವರಿಗೂ ಅದು ಗೊತ್ತು! ಆದರೂ ಹೋದರು. ನಾನು ರೆಟೊನ ಎದುರು ಅತ್ತೆ. "ನೀವು ಬೇಡ ಅಂದದ್ದು ತಪ್ಪಲ್ಲ. ಒಂದಕ್ಕೆ ಬೇಡ ಅಂದ್ಮೇಲೆ ಇನ್ನೊಂದಕ್ಕೆ ಯೋಚ್ನೆ ಮಾಡ್ದೆ ಹೂಂ ಅಂದ್ವಲ್ಲ, ಅದು ನಾವು" ಅಂದ. ಒಳ್ಳೆಯ ಮಾತು. ನನಗೆ ಸಮಾಧಾನವಾಗಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ನಾನು ಅವಳನ್ನು ಉಳಿಸಿದೆನೋ, ಹೂಳಿಸಿದೆನೋ? ಚಾದರ ಬಿದ್ದ ದಿನ ಉಳಿಸಿದೆ ಅನ್ನಿಸುತ್ತದೆ. ಅವಳು ಮಗ್ಗುಲು ಬದಲಿಸುವಾಗ ನರಳುವುದು ಕೇಳಿದರೆ ಹಾಗನ್ನಿಸುವುದಿಲ್ಲ. ನಿನಗೆ ಗೊತ್ತಾದರೆ ನನಗೂ ಬರೆ.

ಓರಿಸ್ಯಾ


ವಕಾವ್
ಗುರುವಾರ, ೧೦ ಮಾರ್ಚ್ ೧೯೯೪

ಓರಿಸ್ಯಾ,

ನಿನ್ನ ಕಾಗದ ಇವತ್ತು ಬಂತು. ಇಷ್ಟರಲ್ಲಿ ನನ್ನ ಬೈಗುಳದ ಕಾಗದ ನಿನಗೆ ಸಿಕ್ಕಿರುತ್ತದೆ. ಒಲೆಗೆ ಹಾಕು. ಓದಿದ್ದರೂ ಹಾಕು.

ಬೇಡ ಅನ್ನು ಎಂದು ಬರೆದವಳು ನಾನು. ಡಾಕ್ಟರ ಕುರ್ಚಿಯಿಂದ ಎದ್ದು ಮನೆಗೆ ಬಂದು ಆ ಕಾಗದ ಬರೆಯುವಾಗ ನನಗೆ ಅದು ನೆನಪೇ ಆಗಲಿಲ್ಲ, ದೇವರಾಣೆ. ಅಂಚೆಗೆ ಹಾಕಿ ವಾಪಸ್ ಬರುತ್ತಾ ರಸ್ತೆಯ ನಡುವೆ ನೆನಪಾಯಿತು. ಹಿಂದಕ್ಕೆ ಓಡಿದೆ. ಅಂಚೆ ಕಚೇರಿಯ ಮುದುಕ, ಒಳಗೆ ಬಿದ್ದದ್ದು ಸರ್ಕಾರದ್ದು, ಕೊಡಲ್ಲ ಅಂದ. ಆಮೇಲೆ ತಪ್ಪಾಯಿತು ಎಂದು ಬರೆಯಲು ಕೂತರೆ ಅದಕ್ಕೂ ಕೈ ಬರಲಿಲ್ಲ. ನಿನ್ನ ಮೇಲಿನ ಸಿಟ್ಟು ಬಿಟ್ಟುಕೊಟ್ಟರೆ ಅದು ಯಾರ ಮೇಲೆ ಬಂದು ಕೂರುತ್ತದೆ ಎಂದು ಗೊತ್ತಿತ್ತಲ್ಲ.

ಪಟ್ಟಣದಲ್ಲಿರುವ ನಿಮ್ಮ ಲಾಡ್ಜಿನ ಆಫೀಸಿಗೆ ಫೋನ್ ಮಾಡಿದೆ. ರೇಡಿಯೋಗೆ ಜೋಡಿಸಿ ಕೊಡುತ್ತೇವೆ, ಮಾತಾಡಿ ಅಂದರು. ಕಣಿವೆಯೆಲ್ಲ ಕೇಳುತ್ತಿರುವಾಗ "ಮನೆಗೆ ಬಾರೇ ಮಗಳೇ" ಎಂದು ಅತ್ತರೆ ಅವಳು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಇಟ್ಟುಬಿಟ್ಟೆ.

ಈಗ ನಿನಗೆ ಏನೆಂದು ಬರೆಯಲಿ? ಬೇಡ ಅನ್ನು ಎಂದರೂ ಭಯ, ಅನ್ನಬೇಡ ಎಂದರೂ ಭಯ. ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ ಕಣೇ. ಬೆಳಿಗ್ಗೆ ಒಂದು ಉತ್ತರ ಹೊಳೆಯುತ್ತದೆ, ಪಾತ್ರೆ ತೊಳೆಯುವಷ್ಟರಲ್ಲಿ ಅದು ತಿರುಗಿ ಕೂರುತ್ತದೆ. ಅವಳನ್ನು ತಡೆಯುವುದು ನಮ್ಮಿಬ್ಬರ ಕೈಲೂ ಆಗದು. ಅವಳು ಎಲ್ಲಿದ್ದಾಳೆ ಎಂದಾದರೂ ಗೊತ್ತಿದ್ದರೆ ಸಾಕಾಗಿತ್ತು.

ನಿನ್ನ ಬೆರಳಿಗೆ ಜೇನು ಹಚ್ಚು.

ಸ್ಟೆಫ್ಕಾ


ಹೆರನ್ ಕ್ರೀಕ್
ಗುರುವಾರ, ೧೭ ಮಾರ್ಚ್ ೧೯೯೪

ಅಕ್ಕ,

ನಿನ್ನ ಬೈಗುಳದ ಕಾಗದ ಹನ್ನೆರಡು ದಿನದ ಹಿಂದೆಯೇ ಬಂತು. ಉತ್ತರ ಬರೆಯಲಿಲ್ಲ. ಅದರಲ್ಲಿ ಸುಳ್ಳು ಯಾವುದು ಎಂದು ಹುಡುಕುತ್ತಿದ್ದೆ. ಫ್ರಿಜ್ಜಿನ ಮಾತೂ ನಿಜವೇ.

ಅವತ್ತಿನಿಂದ ಬೆಳಿಗ್ಗೆ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇವರ ಮಾತು ಕಿವಿಗೆ ಬೀಳುವುದೇ ಬೇಡ ಎಂದು. ನಾದ್ಯಾ ಸೋಮವಾರದಿಂದ ಮತ್ತೆ ಸ್ಕೀ ಹಾಕುತ್ತಿದ್ದಾಳೆ. ನಾನು ಈರುಳ್ಳಿ ಹೆಚ್ಚುವ ನೆಪದಲ್ಲಿ ಅಳುವುದು ಕಲಿತಿದ್ದೇನೆ.

ಇವತ್ತು ಬೆಳಿಗ್ಗೆ ಅವಳೇ ಬಂದು ಉಗ್ರಾಣದ ಬಾಗಿಲು ತಟ್ಟಿದಳು.

"ಬಾ ಚಿಕ್ಕಮ್ಮ, ಕೂತ್ಕೋ."

"ನಾನು ಬಾಯಿ ತೆಗೆಯಲ್ಲ."

"ತೆಗೀಬೇಡ. ಆಲೂಗಡ್ಡೆ ಮೂಟೆ ಮೇಲೆ ಕೂರೋ ಬದ್ಲು ಕುರ್ಚಿ ಮೇಲೆ ಕೂತ್ಕೋ ಅಂದೆ."

ಎರಡು ದಿನ ಬಿರುಗಾಳಿ ಹೊಡೆದು, ಇವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಹೊರಗೆ ಸೊಂಟದವರೆಗೆ ಹೊಸ ಹಿಮ, ಬಿಸಿಲು, ಅತಿಥಿಗಳೆಲ್ಲ ಬೂಟು ಬಿಗಿದುಕೊಂಡು ಗೂಳಿಗಳ ಹಾಗೆ ಉಸಿರು ಬಿಡುತ್ತಿದ್ದರು. ಇಂಥ ದಿನ ವರ್ಷಕ್ಕೆ ಒಂದೋ ಎರಡೋ. ಇವರು ಬೆಳಕು ಹರಿಯುತ್ತಲೇ ಮನೆಯ ಪಕ್ಕದಲ್ಲಿ ಅಗೆದು ನೋಡಿದ್ದರು. ಒಂದು ಕಂಬ ಮುರಿಯಿತು, ಇನ್ನೊಂದು ಮುರಿಯಲಿಲ್ಲ. ಜನವರಿ ಹದಿಮೂರು ಈಗ ಎಷ್ಟೋ ಆಳದಲ್ಲಿದ್ದಾನೆ, ಸತ್ತನೋ ನಿದ್ದೆಯೋ ಯಾರಿಗೂ ಗೊತ್ತಿಲ್ಲ.

ರೆಟೊ ಓದಲು ಶುರುಮಾಡಿದ. ಮೊದಲ ಹೆಸರಿಗೆ ತಾನು ಹೂಂ ಅಂದ, ಗಾರ್ತ್ ಹೂಂ ಅಂದ.

ನಾದ್ಯಾ, "ಬೇಡ" ಅಂದಳು.

ಕೆಂಪು ಗೀಟು. ಎರಡನೆಯದು. "ಬೇಡ." ಮೂರನೆಯದು. "ಬೇಡ." ಇನ್ನು ಉಳಿದದ್ದು ಯಾವುದು, ಅಲ್ಲಿಗೆ ಹೋಗುತ್ತಾರಲ್ಲ, ಅದೇ ಇವಳನ್ನು ನುಂಗಿದರೆ? ಚರ್ಚ್‌ಕಾಡು ಬಂತು. "ಬೇಡ." ಹಸುವಿನ ಬೆನ್ನು ಎಂಬುದೊಂದಿದೆ, ನನ್ನಂಥವಳೂ ಇಳಿಯಬಹುದಾದಷ್ಟು ಮಟ್ಟಸ. ಗಾರ್ತ್ ತಡೆಯಲಾರದೆ, "ಏ ಅದು ನಮ್ಮಜ್ಜಿ ಓಡಾಡೋ ಜಾಗ ಕಣೇ!" ಅಂದ. ರೆಟೊ ಅವನನ್ನು ನೋಡಿದ, ಅವನು ಬಾಯಿ ಮುಚ್ಚಿದ. "ಬೇಡ" ಅಂದಳು ನಾದ್ಯಾ. ಹಲಗೆಯಲ್ಲಿ ಕೆಂಪಲ್ಲದ ಹೆಸರು ಒಂದೂ ಉಳಿಯಲಿಲ್ಲ.

ರೆಟೊ ಸೀಮೆಸುಣ್ಣ ಕೆಳಗಿಟ್ಟು, ಬಗ್ಗಿ ತನ್ನ ಬೂಟು ಬಿಚ್ಚಿಕೊಂಡ.

ಅತಿಥಿಗಳು ಎದ್ದು ಕುಣಿದರು. ಕ್ಯಾಲ್ಗರಿಯ ವಕೀಲನೊಬ್ಬ, "ಇಷ್ಟು ದೂರ ಬಂದದ್ದು ಇಸ್ಪೀಟಾಡೋಕಾ?" ಎಂದು ನಾದ್ಯಾಳ ಮೂಗಿನ ಹತ್ತಿರ ಬಂದು ಕೂಗಿದ. "ಇಸ್ಪೀಟು ಬರ್ದಿದ್ರೆ ಪಿರೋಹಿ ಮಾಡೋದು ಕಲೀರಿ, ನಮ್ಮ ಚಿಕ್ಕಮ್ಮ ಹೇಳ್ಕೊಡ್ತಾರೆ" ಅಂದಳು. ನಾನು ಹಿಟ್ಟಿನ ಡಬ್ಬ ತಂದೆ. ಮಧ್ಯಾಹ್ನದ ಹೊತ್ತಿಗೆ ವಕೀಲನೂ ತೋಳು ಮಡಚಿ, ಆಲೂಗಡ್ಡೆ ತುಂಬಿದ ಕಡುಬಿನ ಅಂಚು ಒತ್ತುತ್ತಿದ್ದ. ಅವನು ಮುಚ್ಚಿದ್ದೆಲ್ಲ ನೀರಲ್ಲಿ ಬಾಯಿಬಿಟ್ಟವು.

ಕೇಳಬಾರದು ಎಂಬ ನಿಯಮ ಗೊತ್ತಿದ್ದೂ ನಾದ್ಯಾಳನ್ನು ಕೇಳಿದೆ, "ಎಲ್ಲದಕ್ಕೂ ಯಾಕೇ ಬೇಡ ಅಂದೆ?"

"ಗೊತ್ತಾಗ್ಲಿಲ್ಲ ಚಿಕ್ಕಮ್ಮ."

"ಏನು ಗೊತ್ತಾಗ್ಲಿಲ್ಲ?"

"ಅದೇ. ಏನೂ ಗೊತ್ತಾಗ್ಲಿಲ್ಲ. ಒಂದು ಬೇಡ ಅಂದ್ರೆ ಇನ್ನೊಂದು ಬೇಕು ಅನ್ಸುತ್ತೆ. ಆ ದಿನ ಹಾಗೇ ಕಾಡಿಗೆ ಹೋದೆ. ನೀನು ಕಳಿಸ್ಲಿಲ್ಲ, ನಿನ್ ಮೇಲಿನ ಸಿಟ್ಟಲ್ಲಿ ನಾನೇ ಹೋದೆ. ಹಿಮ ನೋಡ್ಲೇ ಇಲ್ಲ, ನಿನ್ನ ಮುಖಾನೇ ಕಣ್ಮುಂದೆ ಇತ್ತು." ಹಾಗೆಂದು ಹಿಟ್ಟಿನ ಕೈಯಲ್ಲೇ ಮೂಗೊರೆಸಿಕೊಂಡಳು.

ಬೆಟ್ಟ ಇಡೀ ದಿನ ಸುಮ್ಮನಿತ್ತು ಅಕ್ಕ. ಒಂದು ಹೆಂಟೆ ಉರುಳಲಿಲ್ಲ. ಹೋಗಿದ್ದರೆ ಎಲ್ಲರೂ ಕುಣಿದಾಡಿ ಬರುತ್ತಿದ್ದರೇನೋ, ವಕೀಲ ಹಾಗೇ ಅನ್ನುತ್ತಿದ್ದಾನೆ. ಅವಳು ಮಾಡಿದ್ದು ಸರಿಯೋ ತಪ್ಪೋ, ಈ ಸಲ ನಾನು ಯಾರನ್ನೂ ಕೇಳಲಿಲ್ಲ.

ಈಗ ಸಂಜೆ. ಮೇಜಿನ ಆಚೆ ಬದಿಯಲ್ಲಿ ಕೂತು ಎರಡನೇ ತಟ್ಟೆ ಪಿರೋಹಿ ತಿನ್ನುತ್ತಿದ್ದಾಳೆ, ಗಲ್ಲಕ್ಕೆ ಬೆಣ್ಣೆ ಹತ್ತಿದೆ. ನಾನು ಏನು ಬರೆಯುತ್ತಿದ್ದೇನೆ ಎಂದು ಕೇಳುತ್ತಿದ್ದಾಳೆ. ಅಮ್ಮನಿಗೆ ನೀನು ಎಲ್ಲಿದ್ದೀಯ ಎಂದು ಬರೆಯುತ್ತಿದ್ದೇನೆ ಅಂದೆ.

ಓರಿಸ್ಯಾ


ವಕಾವ್
ಗುರುವಾರ, ೨೪ ಮಾರ್ಚ್ ೧೯೯೪

ಓರಿಸ್ಯಾ,

ನಿನ್ನ ಕಾಗದ ಈಗ ತಾನೇ ಬಂತು. ಕೋಟು ಬಿಚ್ಚದೆ ನಿಂತಲ್ಲೇ ಓದಿದೆ. ವಕೀಲನ ಪಿರೋಹಿಗೆ ನಕ್ಕೆ, ಆಮೇಲೆ ಅತ್ತೆ, ಆಮೇಲೆ ಕೂತುಕೊಂಡೆ. ಗುರುವಾರ ಅವಳು ಮನೆಯೊಳಗಿದ್ದಳು. ನಿನ್ನ ಎದುರಿಗೆ ಕೂತು ತಿನ್ನುತ್ತಿದ್ದಳು. ದೇವಮಾತೆ ದೊಡ್ಡವಳು.

ಇಲ್ಲಿ ಬಿಸಿಲಿದೆ. ರೇಡಿಯೋದವರು ನಿಮ್ಮ ಕಡೆಯೂ ಬಿಸಿಲು ಅನ್ನುತ್ತಿದ್ದಾರೆ.

ಇವತ್ತೂ ಗುರುವಾರ ಕಣೇ. ಇವತ್ತು ಎಲ್ಲಿದ್ದಾಳೆ?

ಸ್ಟೆಫ್ಕಾ